ಯಂತ್ರ ಬಂತು ಸರಿ, ಮುಚ್ಚಳದ ಗತಿ ಏನು?

ದೊಡ್ಡಬಳ್ಳಾಪುರ, ನೆಲಮಂಗಲ ಕಡೆಯಿಂದ ಬೆಳಗಿನ ಬಸ್ಸು ಹತ್ತುವವರು ನೋಡಿರಬಹುದು. ಕುತ್ತಿಗೆಯ ಬುಡದಲ್ಲಿ ಪಟ್ಟಿ, ಅದರಿಂದ ಇಳಿಬಿದ್ದ ಎರಡು ಕೊಳವೆ, ಒಂದಕ್ಕೆ ಕೆಂಪು ಗುರುತು, ಇನ್ನೊಂದಕ್ಕೆ ನೀಲಿ. ಶಾಲು ಹೊದ್ದು ಕೂತಿರುತ್ತಾರೆ. ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ಗೆ ಹೊರಟವರು. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ.

ಆ ಕೊಳವೆಯೇ ಕ್ಯಾತಿಟರ್. ಅದರ ಒಳತುದಿ ಇರುವುದು ಹೃದಯದ ಬಾಗಿಲಲ್ಲಿ! ಪ್ರತಿ ಸಲವೂ ಹೊರತುದಿಯ ಮುಚ್ಚಳ ಬಿಚ್ಚಬೇಕು, ಮತ್ತೆ ಹಾಕಬೇಕು. ಆಗ ಕೈಯ ಕೊಳೆ ತಾಗಿದರೆ ಕ್ರಿಮಿ ನೇರ ರಕ್ತಕ್ಕೇ ಇಳೀತು ಅನ್ನಿ. ಚಳಿಜ್ವರ, ಆಮೇಲೆ ಐಸಿಯು, ಕೆಲವರಿಗೆ ಪ್ರಾಣವೇ ಹೋದೀತು.

ಇದಕ್ಕೊಂದು ಉಪಾಯ ಉಂಟು: ಸೂಜಿರಹಿತ ಕನೆಕ್ಟರ್. ಹೆಬ್ಬೆರಳ ತುದಿಯಷ್ಟು ಪ್ಲಾಸ್ಟಿಕ್ ಬಿರಡೆ, ಒಳಗೆ ಸಿಲಿಕೋನ್ ಕವಾಟ. ಯಂತ್ರದ ಕೊಳವೆ ಒತ್ತಿದರೆ ತೆರೆಯುತ್ತೆ, ತೆಗೆದರೆ ತಾನೇ ಮುಚ್ಚಿಕೊಳ್ಳುತ್ತೆ. ಕ್ಯಾತಿಟರ್ ಬಾಯಿ ಗಾಳಿಗೆ ಬೀಳೋದೇ ಇಲ್ಲ.

ಹಾಗಂತ ಹಾಕಿ ಮರೆತರೆ ಆಗದು. ಪ್ರತಿ ಸಲ ಮುಟ್ಟುವ ಮೊದಲು ಕೈ ತೊಳೆದು, ಗ್ಲೌಸು ಮಾಸ್ಕು ತೊಟ್ಟು, ಸ್ಪಿರಿಟ್ ಪ್ಯಾಡಿನಿಂದ ಅದರ ತಲೆಯನ್ನು ಹದಿನೈದು ಸೆಕೆಂಡು ಉಜ್ಜಬೇಕು, ಒಣಗಲು ಬಿಡಬೇಕು. ತಯಾರಕರು ಹೇಳಿದ ಗಡುವಿಗೆ ಬದಲಿಸಬೇಕು. ಡಯಾಲಿಸಿಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆಗೆ ಗಡುವು 7 ದಿನ. ಒಳಗೆ ರಕ್ತ ಕಟ್ಟಿದ್ದರೆ ಗಡುವು ಕಾಯುವ ಮಾತೇ ಇಲ್ಲ. ಡ್ರಿಪ್‌ಗೆ ಹಾಕುವ ಮಾಮೂಲಿ ಬಿರಡೆ ಇಲ್ಲಿ ನಡೆಯದು. ನಿಮಿಷಕ್ಕೆ 300 ಮಿಲಿಲೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ರಕ್ತ ಹರಿಯುವ ಜಾಗ ಇದು.

ರೋಗಿಯೂ ಅಷ್ಟೆ. ಸ್ನಾನದಲ್ಲಿ ನೀರು ತಾಗಿಸಬಾರದು, ಕ್ಲಿಪ್ಪು ಬಿಚ್ಚಬಾರದು. ಜ್ವರ ಬಂದರೆ ಅಂಗಡಿ ಮಾತ್ರೆ ನುಂಗಿ ಕೂರದೆ ಡಯಾಲಿಸಿಸ್ ಘಟಕಕ್ಕೇ ಓಡಬೇಕು.

2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ಘೋಷಣೆಯಾಯಿತು. ಯಂತ್ರಗಳು ಬಂದವು, ಟೇಪು ಕತ್ತರಿಸಿದ್ದೂ ಆಯಿತು. 2024ರಲ್ಲಿ ರಾಜ್ಯ ಸರ್ಕಾರ ಒಂದೇ ಸಲ ಬಳಸಿ ಎಸೆಯುವ ಡಯಾಲೈಸರ್ ತಂದಿತು. ಒಳ್ಳೇದು. ಸೋಂಕು ತಡೆಯುವುದೇ ಗುರಿಯಾದರೆ, ರಕ್ತದ ಬಾಗಿಲು ಕಾಯುವ ಈ ಬಿರಡೆ ಯಾಕೆ ಹಿಂದೆ ಬೀಳಬೇಕು? ಆನೆ ಹೋಗಿ ಬಾಲ ಸಿಕ್ಕಿಕೊಂಡಂತೆ ಆಗಬಾರದಷ್ಟೆ.

ಕೇಳಬೇಕಾದ ಪ್ರಶ್ನೆ ಮೂರು. ಟೆಂಡರಿನ ಸಾಮಾನು ಪಟ್ಟಿಯಲ್ಲಿ ಕನೆಕ್ಟರ್, ಸ್ಪಿರಿಟ್ ಪ್ಯಾಡು ಇವೆಯೇ? ಒಬ್ಬ ಟೆಕ್ನಿಷಿಯನ್ ಎಷ್ಟು ಯಂತ್ರ ನೋಡಬೇಕು? ಕೈಯಲ್ಲಿ ಫಿಸ್ಟುಲಾ ಮಾಡಿಸಿದರೆ ಕ್ಯಾತಿಟರೇ ಬೇಡವಾಗಬಹುದಲ್ಲ, ಅದಕ್ಕೆ ರೋಗಿಯನ್ನು ಬೇಗ ಕಳಿಸುತ್ತಿದ್ದಾರೆಯೇ?

ಹದಿನೈದು ಸೆಕೆಂಡು ಅಂದರೆ ಕಂಡಕ್ಟರ್ ಚಿಲ್ಲರೆ ಎಣಿಸುವಷ್ಟು ಹೊತ್ತು. ಅಷ್ಟು ಪುರಸೊತ್ತು ಸಿಬ್ಬಂದಿಗೆ ಸಿಗುವಂತೆ ಮಾಡುವುದು ಸಂಬಂಧಪಟ್ಟವರ ಹೊಣೆ. ಉಜ್ಜಿದರಾ ಅಂತ ಕೇಳುವುದು ರೋಗಿಯ ಹಕ್ಕು. ಕೇಳಿ, ಸಂಕೋಚ ಬೇಡ!