ಯೇತಿಯ ಬೆರಳು ಯಾರ ಸೊತ್ತು?

ಜಗತ್ತಿನ ಯಾವುದೋ ಮೂಲೆಯಲ್ಲಿ ಒಂದು ಗುಪ್ತ ಕಟ್ಟಡವಿದೆಯಂತೆ. ನೆಲದೊಳಗೆ ಏಳು ಅಂತಸ್ತು, ಹೊರಗೆ ಮುಳ್ಳುತಂತಿ, ಬಾಗಿಲಲ್ಲಿ ಬಂದೂಕು ಹಿಡಿದ ಕಾವಲುಗಾರ. ಒಳಗೆ ಗಾಜಿನ ಗೂಡುಗಳಲ್ಲಿ ನಾನಾ ದೇಶಗಳ ಜನಪದ ಕಥೆಗಳ ಜೀವಿಗಳನ್ನೆಲ್ಲ ತಂದು ಕೂಡಿಹಾಕಿದ್ದಾರಂತೆ: ಒಂದರಲ್ಲಿ ಮತ್ಸ್ಯಕನ್ಯೆ, ಪಕ್ಕದ್ದರಲ್ಲಿ ರೆಕ್ಕೆಯ ಸರ್ಪ, ಅದರಾಚೆ ಹಿಮಮಾನವ. ಬಿಳಿಯ ಅಂಗಿಯ ವಿಜ್ಞಾನಿಗಳು ದಿನವೂ ಅವುಗಳ ರಕ್ತ ತೆಗೆದು, ಉಗುರು ಅಳೆದು, ಕಡತ ಬರೆದು ಬೀಗ ಹಾಕುತ್ತಾರಂತೆ. ದೊಡ್ಡ ಸರಕಾರಗಳಿಗೆಲ್ಲ ಗೊತ್ತಂತೆ, ನಮಗೆ ಹೇಳುವುದಿಲ್ಲವಂತೆ. ಸಿನಿಮಾದಲ್ಲಿ, ಕಾದಂಬರಿಯಲ್ಲಿ, ತರುಣರ ಹರಟೆಯಲ್ಲಿ ಈ ಅಂತೆಕಂತೆಗಳ ಸಂತೆ ಜೋರಾಗಿಯೇ ನೆರೆದಿದೆ.

ಕಥೆಯನ್ನು ಕಥೆಯೆಂದು ಸವಿಯುವವರ ಮೇಲೆ ನನಗೆ ಮುನಿಸಿಲ್ಲ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಕಲ್ಪನೆಗೆ ಸುಂಕ ಹಾಕಲು ಹೊರಟರೆ ಉಂಡ ಮನೆಗೇ ಎರಡು ಬಗೆದಂತೆ. ನನ್ನ ತಕರಾರು ಬೇರೆ. ಈ ಕಥೆಯೊಳಗೆ ಎರಡು ಭಾವನೆಗಳು ಯಾರ ಪ್ರಶ್ನೆಗೂ ಸಿಗದೆ ನುಸುಳಿಕೊಂಡಿವೆ. ಜನರು ಹೇಳುವ ಜೀವಿಯನ್ನು ಹಿಡಿದು ತಂದು ಪರೀಕ್ಷಿಸಿದರೆ ಅದರ ಸತ್ಯವೆಲ್ಲ ತಿಳಿದುಹೋಗುತ್ತದೆ ಎಂಬುದು ಒಂದು. ಹಾಗೆ ತರುವವನಿಗೆ ಆ ಜನರ ಅಪ್ಪಣೆ ಬೇಕಿಲ್ಲ ಎಂಬುದು ಇನ್ನೊಂದು. ಗುಪ್ತ ಕಟ್ಟಡ ಸುಳ್ಳು. ಆದರೆ ಈ ಎರಡು ಭಾವನೆಗಳು ನಿಜವಾಗಿಯೂ ಇವೆ. ಅವು ಕೆಲಸವನ್ನೂ ಮಾಡಿವೆ. ಅದಕ್ಕೆ ಲಂಡನ್ನಿನ ಪೆಟ್ಟಿಗೆಯೊಂದೇ ಸಾಕ್ಷಿ.

ನೇಪಾಳದ ಖುಂಬು ಪ್ರಾಂತದಲ್ಲಿ, ಎವರೆಸ್ಟಿನ ಬುಡಕ್ಕೆ ಹೋಗುವ ದಾರಿಯಲ್ಲಿ, ಪಾಂಗ್‌ಬೋಚೆ ಎಂಬ ಶೆರ್ಪಾ ಹಳ್ಳಿಯಿದೆ. ಅಲ್ಲಿಯ ಹಳೆಯ ಬೌದ್ಧ ಮಠವನ್ನು ಸ್ಥಾಪಿಸಿದವರು ಲಾಮಾ ಸಂಗ್ವಾ ದೋರ್ಜೆ ಎಂದು ಪ್ರತೀತಿ. ಅವರು ಗುಹೆಯೊಂದರಲ್ಲಿ ತಪಸ್ಸಿಗೆ ಕುಳಿತಿದ್ದಾಗ ಯೇತಿಯೊಂದು ನೀರು, ಸೌದೆ, ಆಹಾರಗಳನ್ನು ತಂದುಕೊಟ್ಟು ಅವರ ಸೇವೆ ಮಾಡಿತಂತೆ. ಅದು ಸತ್ತ ಮೇಲೆ ಲಾಮಾ ಅದರ ನೆತ್ತಿಯ ಚರ್ಮವನ್ನೂ ಒಂದು ಕೈಯನ್ನೂ ಮಠದಲ್ಲಿ ಉಳಿಸಿಕೊಂಡರಂತೆ. ವಾಚಕರು ಇದನ್ನು ಗಮನಿಸಬೇಕು: ಆ ಊರಿನವರ ಪಾಲಿಗೆ ಅದು ರಾಕ್ಷಸನ ಕೈಯಲ್ಲ, ಗುರುವಿಗೆ ನೀರು ಹೊತ್ತ ಶಿಷ್ಯನ ಕೈ.

ಟಾಮ್ ಸ್ಲಿಕ್ ಎಂಬ ಟೆಕ್ಸಾಸಿನ ಎಣ್ಣೆಯ ಸಿರಿವಂತನಿಗೆ ಹಿಮಮಾನವನನ್ನು ಹುಡುಕುವ ಹುಚ್ಚು ಹಿಡಿದದ್ದು ೧೯೫೦ರ ದಶಕದಲ್ಲಿ. ಅವನ ಕಡೆಯ ಬೇಟೆಗಾರ ಪೀಟರ್ ಬರ್ನ್ ೧೯೫೯ರಲ್ಲಿ ಪಾಂಗ್‌ಬೋಚೆಯ ಕೈಯಿಂದ ಬೆರಳೊಂದನ್ನು ತೆಗೆದು, ಆ ಜಾಗದಲ್ಲಿ ಲಂಡನ್ನಿನಿಂದ ತಂದಿದ್ದ ಮನುಷ್ಯನ ಬೆರಳನ್ನು ಸೇರಿಸಿ ಬಂದ. ತಾನು ಮಠಕ್ಕೆ ಹಣ ಕೊಟ್ಟೇ ಪಡೆದೆನೆಂದು ಅವನು ೨೦೧೧ರಲ್ಲಿ ಹೇಳಿದ್ದುಂಟು. ಇರಲಿ; ಹಣ ಕೊಟ್ಟು ಕೊಂಡ ವಸ್ತುವಿನ ಜಾಗದಲ್ಲಿ ನಕಲನ್ನು ಕೂಡಿಸಿ ಬರುವ ಗಿರಾಕಿಯನ್ನು ನಮ್ಮ ಚಿಕ್ಕಪೇಟೆಯ ಯಾವ ಅಂಗಡಿಯವನೂ ಕಂಡಿರಲಾರ. ಬೆರಳು ಗುಟ್ಟಾಗಿ ಗಡಿ ದಾಟಿ ಕಲ್ಕತ್ತೆಗೆ ಬಂತು. ಅಲ್ಲಿಂದ ಅದನ್ನು ಲಂಡನ್ನಿಗೆ ಸಾಗಿಸಿದವರು ಹಾಲಿವುಡ್ಡಿನ ಪ್ರಸಿದ್ಧ ನಟ ಜೇಮ್ಸ್ ಸ್ಟೀವರ್ಟ್ ದಂಪತಿಗಳು. ಅದು ಹೋದದ್ದು ಆಕೆಯ ಒಳಉಡುಪುಗಳ ಪೆಟ್ಟಿಗೆಯಲ್ಲಿ.

ಬೆರಳು ಸೇರಿದ್ದು ವಾನರಕುಲದ ತಜ್ಞ ವಿಲಿಯಂ ಓಸ್ಮನ್ ಹಿಲ್ ಅವರ ಕೈಗೆ. ಹಿಲ್ ತಮ್ಮ ಸಂಗ್ರಹವನ್ನು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಗೆ ಬಿಟ್ಟುಹೋದರು. ಅಲ್ಲಿಯ ಹಂಟೇರಿಯನ್ ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ಬೆರಳು ಪೆಟ್ಟಿಗೆಯೊಳಗೆ ಮಲಗಿತು. ಮತ್ತೆ ಅದು ಕಣ್ಣಿಗೆ ಬಿದ್ದದ್ದು ೨೦೦೮ರಲ್ಲಿ. ೨೦೧೧ರಲ್ಲಿ ಎಡಿನ್‌ಬರೋ ಮೃಗಾಲಯದ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ನಡೆಸಿ, ಇದು ಮನುಷ್ಯನ ಬೆರಳು ಎಂದು ತೀರ್ಪಿತ್ತರು.

ಜಾನಪದದ ಜೀವಿಯನ್ನು ಬೀಗದೊಳಗಿಟ್ಟ ಗುಪ್ತಾಲಯ ಬೇಕಿತ್ತಲ್ಲವೆ? ಇದೇ ಅದು. ಇಲ್ಲಿ ಬಂದೂಕಿಲ್ಲ, ಮುಳ್ಳುತಂತಿಯಿಲ್ಲ, ಪಿತೂರಿಯೂ ಇಲ್ಲ. ಇದ್ದದ್ದು ಮರೆವು ಮಾತ್ರ. ಅರ್ಧ ಶತಮಾನದ ಈ ಸಾಹಸದ ಒಟ್ಟು ಫಲವೇನೆಂದರೆ, ಮನುಷ್ಯನ ಬೆರಳೊಂದನ್ನು ತೆಗೆದು ಅದರ ಜಾಗಕ್ಕೆ ಮನುಷ್ಯನ ಬೆರಳನ್ನೇ ಜೋಡಿಸಿದಂತಾಯಿತು!

ಇಲ್ಲಿ ನಮ್ಮ ವಿಚಾರವಾದಿ ಮಿತ್ರರು ಎದ್ದುನಿಲ್ಲುತ್ತಾರೆ. “ನೋಡಿದಿರಾ, ಯೇತಿ ಎಂಬುದೇ ಇಲ್ಲ, ಇಲ್ಲದ ಪ್ರಾಣಿಯ ಬೆರಳು ಕಳೆದುಹೋದರೆ ಯಾರಿಗೇನು ನಷ್ಟ?” ವಿಜ್ಞಾನದ ತೀರ್ಪನ್ನು ನಾನು ತಲೆಬಾಗಿ ಒಪ್ಪುತ್ತೇನೆ. ೨೦೧೭ರಲ್ಲಿ ಶಾರ್ಲಟ್ ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು ಯೇತಿಯದೆಂದು ಹೇಳಲಾದ ಮೂಳೆ, ಹಲ್ಲು, ಚರ್ಮ, ಕೂದಲು ಮೊದಲಾದ ಒಂಬತ್ತು ಮಾದರಿಗಳನ್ನು ಪರೀಕ್ಷಿಸಿದಾಗ ಎಂಟು ಕರಡಿಯವು, ಒಂದು ನಾಯಿಯದು ಎಂದು ಗೊತ್ತಾಯಿತು. ಅದನ್ನೂ ಒಪ್ಪುತ್ತೇನೆ. ಆದರೆ ಮಿತ್ರರ ತರ್ಕ ಅವರ ಮೇಲೆಯೇ ತಿರುಗುತ್ತದೆ. ಆ ಬೆರಳು ಯೇತಿಯದಾಗಿದ್ದರೆ ಒಂದು ಪ್ರಾಣಿಯ ಅವಶೇಷವನ್ನು ಒಯ್ದಂತಾಗುತ್ತಿತ್ತು. ಅದು ಮನುಷ್ಯನದು ಎಂದಾದ ಮೇಲೆ, ಒಂದು ಮಠ ಪೂಜ್ಯವೆಂದು ಕಾಪಾಡಿಕೊಂಡು ಬಂದಿದ್ದ ಮನುಷ್ಯದೇಹದ ಅಂಗವನ್ನೇ ಒಯ್ದಂತಾಯಿತು. ಪರೀಕ್ಷೆಯ ತೀರ್ಪಿನಿಂದ ತಪ್ಪು ಹಿರಿದಾಯಿತೇ ಹೊರತು ಕಿರಿದಾಗಲಿಲ್ಲ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು. “ಲಂಡನ್ನಿಗೆ ಹೋದದ್ದರಿಂದ ಆ ಬೆರಳಾದರೂ ಉಳಿಯಿತು. ಮಠದಲ್ಲಿ ಉಳಿದಿದ್ದ ಕೈ ೧೯೯೦ರ ದಶಕದಲ್ಲಿ ಕಳವಾಯಿತಲ್ಲ!” ಕಳವಾದದ್ದು ನಿಜ. ಆದರೆ ಶೆರ್ಪಾ ಜನರ ಕಾವಲಿನಲ್ಲಿ ತಲೆಮಾರುಗಳ ಕಾಲ ಭದ್ರವಾಗಿದ್ದ ವಸ್ತು ಕಳವಾದದ್ದು ಯಾವಾಗ? ಬೇಟೆಗಾರರ ಕಥೆ ಅಮೆರಿಕದ ಟೆಲಿವಿಷನ್ನಿನಲ್ಲಿ ಮೆರೆದ ಮೇಲೆ. ಕಳ್ಳನಿಗೆ ದಾರಿ ತೋರಿಸಿ, ಆಮೇಲೆ ಮನೆಯವನ ಬೀಗ ಸರಿಯಿಲ್ಲವೆನ್ನುವುದು ಯಾವ ನ್ಯಾಯ?

ಹಾಗಾದರೆ ಪರೀಕ್ಷೆಯೇ ಬೇಡವೆ? ಬೇಕು. ಹೇಗೆಂಬುದಕ್ಕೆ ಅದೇ ಖುಂಬು ಪ್ರಾಂತದ ಖುಂಜುಂಗ್ ಎಂಬ ಇನ್ನೊಂದು ಹಳ್ಳಿಯನ್ನು ನೋಡಬೇಕು. ಅಲ್ಲಿಯ ಮಠದಲ್ಲಿಯೂ ಯೇತಿಯದೆಂದು ಪ್ರತೀತಿಯಿದ್ದ ನೆತ್ತಿಯ ಚರ್ಮವಿತ್ತು. ೧೯೬೦ರಲ್ಲಿ ಎಡ್ಮಂಡ್ ಹಿಲರಿ ಅದನ್ನು ಪರೀಕ್ಷೆಗೆ ಕೇಳಿದರು. ಊರವರು ಕೂತು ಮಾತಾಡಿ ಷರತ್ತು ಹಾಕಿದರು: ಆರು ವಾರದೊಳಗೆ ಹಿಂದಕ್ಕೆ ತಂದುಕೊಡಬೇಕು, ಊರಿನ ಹಿರಿಯ ಖುಂಜೋ ಚುಂಬಿ ಅದರ ಜತೆಯಲ್ಲಿಯೇ ಹೋಗಿಬರಬೇಕು. ಚುಂಬಿಯವರು ಶಿಕಾಗೋ, ಪ್ಯಾರಿಸ್, ಲಂಡನ್ನುಗಳನ್ನು ಸುತ್ತಿ ಬಂದರು. ಅದು ಸೆರೋ ಎಂಬ ಬೆಟ್ಟದ ಮೇಕೆಯಂಥ ಪ್ರಾಣಿಯ ಚರ್ಮದಿಂದ ಅಚ್ಚು ಹಾಕಿ ಮಾಡಿದ್ದೆಂದು ವಿಜ್ಞಾನಿಗಳು ಹೇಳಿದರು. ವಸ್ತು ಊರಿಗೆ ಮರಳಿತು. ಮರುವರ್ಷ, ೧೯೬೧ರಲ್ಲಿ, ಹಿಲರಿ ಆ ಊರಿನಲ್ಲಿ ಶಾಲೆಯೊಂದನ್ನು ತೆರೆದರು.

ಎರಡು ಹಳ್ಳಿಗಳಲ್ಲಿಯೂ ಯೇತಿಬೇಟೆಯವರಿಗೆ ಸಿಕ್ಕಿದ ಉತ್ತರ ಒಂದೇ: ‘ಇಲ್ಲ’. ಆದರೆ ಒಂದು ಹಳ್ಳಿಗೆ ಅವಮಾನ ಉಳಿಯಿತು, ಇನ್ನೊಂದಕ್ಕೆ ಶಾಲೆ ಉಳಿಯಿತು. ಖುಂಜುಂಗಿನಲ್ಲಿ ಕೇಳಿ ತಂದರು, ಊರವರ ಕಣ್ಣೆದುರಿನಲ್ಲಿ ನೋಡಿದರು, ಹಿಂದಕ್ಕೆ ಕೊಟ್ಟರು. ವಿಜ್ಞಾನಕ್ಕೆ ಅದರಿಂದ ಕೂದಲೆಳೆಯಷ್ಟೂ ಲುಕ್ಸಾನಾಗಲಿಲ್ಲ. ಅಲ್ಲಿ ಆರು ವಾರದಲ್ಲಿ ಮುಗಿದ ಕೆಲಸಕ್ಕೆ ಪಾಂಗ್‌ಬೋಚೆಯ ಬೆರಳು ಐವತ್ತೆರಡು ವರ್ಷ ಕಾಯಬೇಕಾಯಿತು.

ವಸ್ತುವನ್ನು ಒಯ್ಯುವುದಕ್ಕೆ ಮೊದಲೇ ಹೆಸರನ್ನು ಕೆಡಿಸುವುದೊಂದು ಪದ್ಧತಿ. ೧೯೨೧ರ ಎವರೆಸ್ಟ್ ತಂಡದ ಕೂಲಿಗಳು ಹೇಳಿದ ಟಿಬೆಟನ್ ಮಾತೊಂದನ್ನು ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯ ಹೆನ್ರಿ ನ್ಯೂಮನ್ ತಪ್ಪಾಗಿ ತಿಳಿದು, ಇಂಗ್ಲಿಷಿನಲ್ಲಿ ‘ಅಸಹ್ಯ ಹಿಮಮಾನವ’ ಎಂಬರ್ಥದ ಹೆಸರಿಟ್ಟ. ಗುರುಸೇವೆ ಮಾಡಿದ ಜೀವಿ ಒಂದೇ ಪತ್ರಿಕಾಲೇಖನದಿಂದ ಲೋಕದ ಕಣ್ಣಿಗೆ ಅಸಹ್ಯವಾಯಿತು. ಅಸಹ್ಯವಾದದ್ದನ್ನು ಬೇಟೆಯಾಡಲು ಯಾರ ಮನಸ್ಸು ಹಿಂಜರಿಯುತ್ತದೆ?

ಇದು ಹಿಮಾಲಯದ ಮಾತು, ನಮಗೇಕೆ ಎನ್ನುವವರು ತುಳುನಾಡಿನ ಕಡೆ ತಿರುಗಿ ನೋಡಲಿ. ಎ. ಸಿ. ಬರ್ನೆಲ್ ಸಂಗ್ರಹಿಸಿದ ಭೂತಾರಾಧನೆಯ ಸಾಮಗ್ರಿ ೧೮೯೪ರಿಂದ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚಾದಾಗ ಅದಕ್ಕೆ ಕೊಟ್ಟ ಇಂಗ್ಲಿಷ್ ಶೀರ್ಷಿಕೆಯ ಅರ್ಥ ‘ತುಳುವರ ಪಿಶಾಚಪೂಜೆ’. ಸಂಗ್ರಹದ ಉಪಕಾರವನ್ನು ನಾನು ಮರೆಯುವುದಿಲ್ಲ; ಆ ಹೆಸರನ್ನು ಮಾತ್ರ ಒಪ್ಪಲಾರೆ. ಪಂಜುರ್ಲಿಯ ಮುಂದೆ ಕೈಮುಗಿದು ನ್ಯಾಯ ಕೇಳುವ ರೈತ ಪಿಶಾಚಿಯ ಮುಂದೆ ನಿಂತಿರುವುದಿಲ್ಲ. ಇಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ನಮ್ಮ ಕರಾವಳಿಯ ಭೂತಗಳ ಮರದ ವಿಗ್ರಹಗಳು ಸಾಲಾಗಿ ನಿಂತಿವೆ. ನೋಡುವವರಿಗೆ ಕೆತ್ತನೆ ಕಾಣುತ್ತದೆ. ಪಾಡ್ದನ ಕೇಳುವುದಿಲ್ಲ, ಕೋಲದ ರಾತ್ರಿ ಕಾಣುವುದಿಲ್ಲ. ವಿಗ್ರಹವನ್ನು ಕಾಪಾಡುವುದು ಪುಣ್ಯದ ಕೆಲಸವೇ. ಆದರೆ ವಿಗ್ರಹ ಉಳಿದರೆ ಭೂತ ಉಳಿಯಿತೆಂದು ತಿಳಿಯುವುದು, ಬೆರಳಿನ ಡಿಎನ್‌ಎ ತಿಳಿದರೆ ಯೇತಿ ತಿಳಿಯಿತೆಂದು ಹೇಳುವ ಪೈಕಿಯೇ.

ಕೊನೆಗೆ ನಮ್ಮ ವೃತ್ತಿಯವರನ್ನೇ ಎರಡು ಮಾತು ಕೇಳಬೇಕಾಗಿದೆ. ಎಷ್ಟೋ ಮಂದಿ ಧ್ವನಿಮುದ್ರಣ ಯಂತ್ರ ಹಿಡಿದು ಹಳ್ಳಿಗೆ ಹೋದೆವು. ಅಜ್ಜಿಯರಿಂದ ಹಾಡು, ಕಥೆ, ದೆವ್ವ, ಯಕ್ಷಿಯರನ್ನೆಲ್ಲ ಸುರುಳಿಗೆ ಸುತ್ತಿಕೊಂಡು ಬಂದೆವು. ಪ್ರಬಂಧ ಬರೆದೆವು, ಪದವಿ ಪಡೆದೆವು. ಹಾಡಿದ ಅಜ್ಜಿಗೆ ಆ ಪುಸ್ತಕದ ಒಂದು ಪ್ರತಿ ತಲುಪಿತೆ? ಆಕೆಯ ಮೊಮ್ಮಗಳು ಇಂದು ಬಂದು “ನಮ್ಮಜ್ಜಿಯ ದನಿ ಕೇಳಿಸಿ ಸ್ವಾಮಿ” ಎಂದರೆ, ಯಾವ ಬೀರುವಿನ ಯಾವ ಅರೆಯಲ್ಲಿದೆ ಎಂದು ತೋರಿಸಬಲ್ಲವರು ನಮ್ಮಲ್ಲಿ ಎಷ್ಟು ಜನ? ಬೂಸಲು ಹಿಡಿದ ಸುರುಳಿಯೂ ಹಂಟೇರಿಯನ್ನಿನ ಪೆಟ್ಟಿಗೆಯೂ ಒಂದೇ ವಂಶದವು.

೨೦೧೧ರಲ್ಲಿ ನ್ಯೂಜಿಲೆಂಡಿನ ವಿಮಾನಚಾಲಕ ಮೈಕ್ ಆಲ್ಸಪ್ ಎಂಬುವರು ಕೈ ಮತ್ತು ನೆತ್ತಿಯ ಚರ್ಮದ ಮಾದರಿಗಳನ್ನು ಮಾಡಿಸಿ, ಸ್ವತಃ ಪಾಂಗ್‌ಬೋಚೆಗೆ ಒಯ್ದು ಮಠಕ್ಕೆ ಒಪ್ಪಿಸಿದರು. ಪಂಡಿತರೂ ಸಂಸ್ಥೆಗಳೂ ಮಾಡಬೇಕಾದ ಕೆಲಸಕ್ಕೆ ಸಂಬಂಧವೇ ಇಲ್ಲದ ಒಬ್ಬ ಸಜ್ಜನ ಮುಂದಾಗಬೇಕಾಯಿತು. ಪರೀಕ್ಷೆ ಮುಗಿದ ಬೆರಳಿಗೆ ಆ ಮಠದ ಹೊರತು ಬೇರೆ ನ್ಯಾಯವಾದ ಜಾಗವಿಲ್ಲ. ಹಾಗೆಯೇ ನಮ್ಮ ವಿಶ್ವವಿದ್ಯಾನಿಲಯಗಳೂ ಅಕಾಡೆಮಿಗಳೂ ತಮ್ಮ ಬೀರುಗಳಲ್ಲಿರುವ ಧ್ವನಿಸುರುಳಿಗಳ ಪಟ್ಟಿಯನ್ನು ಊರು, ಹಾಡಿದವರ ಹೆಸರು ಸಹಿತ ಪ್ರಕಟಿಸಲಿ. ಒಂದೊಂದು ಪ್ರತಿಯನ್ನು ಆಯಾ ಊರಿನ ಶಾಲೆಗೆ ಕಳುಹಿಸಲಿ. ಅದಕ್ಕೆ ಆಗುವ ಖರ್ಚು ಒಂದು ವಿಚಾರಸಂಕಿರಣದ ಹಾರತುರಾಯಿ, ಊಟೋಪಚಾರಗಳಿಗಿಂತ ಹೆಚ್ಚಾಗಲಾರದು.