ಹೇರು ಬಿಗಿ, ತಂತಿ ಸಡಿಲ

ಮಕ್ಕಳೇ, ಜೋರಾಗಿ ಓಡುತ್ತಿದ್ದ ರಿಮೋಟ್ ಟ್ರಕ್ ಕಲ್ಲಿಗೆ ಬಡಿದು ಪಲ್ಟಿ ಹೊಡೆಯಿತು. ಎತ್ತಿ ನಿಲ್ಲಿಸಿದರೆ ಅಲ್ಲಾಡುವುದೇ ಇಲ್ಲ. ಆಗ ನೀವು ‘ಮೋಟಾರ್ ಸುಟ್ಟುಹೋಯ್ತು’ ಎಂದು ಕಣ್ಣೀರು ಹಾಕುತ್ತೀರಿ. ಅಜ್ಜಿ ‘ಸಾವಿರಾರು ರೂಪಾಯಿ ನೀರಿಗೆ ಹೋಯ್ತು’ ಎಂದು ಗೊಣಗುತ್ತಾರೆ. ಸ್ವಲ್ಪ ತಾಳಿ! ಎಷ್ಟೋ ಸಲ ಕೈಕೊಟ್ಟಿರುವುದು ಮೋಟಾರ್ ಅಲ್ಲ. ಸಡಿಲವಾದ ಒಂದು ಕನೆಕ್ಟರ್ ಅಥವಾ ಬೆಸುಗೆಯ ಬುಡದಲ್ಲಿ ತುಂಡಾದ ಒಂದು ತಂತಿ.

ಟ್ರಕ್ಕಿನ ಹೊಟ್ಟೆಯೊಳಗೆ ಯಾರ್ಯಾರಿದ್ದಾರೆ ನೋಡೋಣ. ರಿಮೋಟ್ ಹೇಳಿದ್ದನ್ನು ಕೇಳಿಸಿಕೊಳ್ಳುವುದು ರಿಸೀವರ್. ಮುಂದಿನ ಚಕ್ರ ತಿರುಗಿಸುವುದು ಸರ್ವೋ. ಬ್ಯಾಟರಿಯ ವಿದ್ಯುತ್ತನ್ನು ಬೇಕಾದಷ್ಟೇ ಅಳೆದು ಮೋಟಾರಿಗೆ ಕೊಡುವುದು ಸ್ಪೀಡ್ ಕಂಟ್ರೋಲರ್. ನಮ್ಮ ಬ್ಯಾಂಕಿನಲ್ಲಿ ಕ್ಯಾಷಿಯರ್ ಇದ್ದ ಹಾಗೆ! ಇವರನ್ನೆಲ್ಲ ಜೋಡಿಸುವುದು ತಂತಿ.

ಹುಲ್ಲಿನ ಗಾಡಿ ಕಟ್ಟುವ ರೈತರನ್ನು ಅಜ್ಜ-ಅಜ್ಜಿಯರು ನೋಡಿರುತ್ತಾರೆ. ಹೇರನ್ನು ಅಲುಗದಂತೆ ಹಗ್ಗ ಹಾಕಿ ಬಿಗಿಯುತ್ತಾರೆ. ಎತ್ತಿನ ಮೂಗುದಾರದ ಹಗ್ಗವನ್ನು ಮಾತ್ರ ಸಡಿಲ ಬಿಡುತ್ತಾರೆ. ಟ್ರಕ್ಕಿಗೂ ಇದೇ ಸೂತ್ರ: ಭಾರದ್ದು ಬಿಗಿಯಾಗಿರಲಿ, ತಂತಿ ತುಸು ಸಡಿಲವಾಗಿರಲಿ.

ಕೆಲಸಕ್ಕೆ ಕೂರುವ ಮುನ್ನ ಬ್ಯಾಟರಿ ಬಿಚ್ಚಿಡಿ. ಇದು ಮರೆಯಬಾರದ ಮಾತು.

ರಿಸೀವರನ್ನು ಎರಡೂ ಬದಿ ಅಂಟುವ ದಪ್ಪ ಫೋಮ್ ಟೇಪಿನಿಂದ ಕೂರಿಸಿ. ಫೋಮ್ ಸ್ವಲ್ಪ ಮೆತ್ತಗಿರುವುದರಿಂದ ಕುಲುಕಾಟವನ್ನು ನುಂಗಿಕೊಳ್ಳುತ್ತದೆ. ಧೂಳು, ಜಿಡ್ಡು ಇದ್ದರೆ ಟೇಪ್ ಹಿಡಿಯುವುದಿಲ್ಲ; ಮೊದಲು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಸ್ಪೀಡ್ ಕಂಟ್ರೋಲರ್ ಬಿಸಿಯಾಗುವ ವಸ್ತು. ಅದರ ಮೇಲೆ ಟೇಪ್ ಸುತ್ತಬೇಡಿ, ಗಾಳಿ ಆಡಲಿ. ಬ್ಯಾಟರಿಗೆ ವೆಲ್ಕ್ರೋ ಪಟ್ಟಿ ಬಿಗಿಯಿರಿ.

ಇನ್ನು ತಂತಿಗಳು. ಕನೆಕ್ಟರಿನ ಹತ್ತಿರ ಸಣ್ಣ ಬಳುಕು ಬಿಟ್ಟು, ಅದರಾಚೆ ಕೇಬಲ್ ಟೈ ಹಾಕಿ. ಆಗ ಯಾವುದಾದರೂ ಎಳೆದರೂ ಪೆಟ್ಟು ಟೈ ಮೇಲೆ ಬೀಳುತ್ತದೆ, ಕನೆಕ್ಟರಿಗೆ ತಗಲುವುದಿಲ್ಲ. ಟೈ ತಂತಿಯ ಸಿಪ್ಪೆಯನ್ನು ಕಚ್ಚುವಷ್ಟು ಬಿಗಿಯಬಾರದು. ತಂತಿ ಚೂಪು ಅಂಚು ದಾಟುವಲ್ಲಿ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ. ಗಿಯರ್ ಮತ್ತು ತಿರುಗುವ ದಂಡದ ಹತ್ತಿರ ತಂತಿ ಸುಳಿಯಲೇಬಾರದು. ಬೆಸುಗೆ ಹಾಕಿದ ಕಡೆ ಎಳೆಗಳು ಗಡುಸಾಗುತ್ತವೆ. ಆ ಗಡುಸು ಮುಗಿಯುವ ಜಾಗದಲ್ಲೇ ಬಾಗಿ ಬಾಗಿ ತುಂಡಾಗುತ್ತವೆ. ಅಲ್ಲಿಗೆ ಹೀಟ್ ಶ್ರಿಂಕ್ ಕೊಳವೆ ಹಾಕಿದರೆ ಆಸರೆ ಸಿಗುತ್ತದೆ. ಬೆಸುಗೆ ಕೆಲಸ ದೊಡ್ಡವರ ಕೈಯಲ್ಲಿರಲಿ.

ರಿಸೀವರಿನ ಆಂಟೆನಾ ಉದ್ದವಾಯಿತೆಂದು ಕತ್ತರಿಸಬೇಡಿ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 3.1 ಸೆಂಟಿಮೀಟರ್, ಆಂಟೆನಾದ ತುದಿಯಲ್ಲಿ ತೆರೆದಿರುತ್ತದೆ. ಆ ತುದಿಯನ್ನು ಮೋಟಾರಿನಿಂದ ದೂರ, ನೆಟ್ಟಗೆ ನಿಲ್ಲಿಸಿ.

‘ಆಟಿಕೆಗೆ ಇಷ್ಟೆಲ್ಲಾ ಯಾಕೆ ತಾತ?’ ಎಂದು ಪಕ್ಕದ ಮನೆಯ ಹುಡುಗಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಓಡುವಾಗ ಸರ್ವೋ ತಂತಿ ಕಳಚಿದರೆ ಮೋಟಾರ್ ಓಡುತ್ತಲೇ ಇರುತ್ತದೆ, ಚಕ್ರ ಮಾತ್ರ ನಿಮ್ಮ ಮಾತು ಕೇಳುವುದಿಲ್ಲ. ಎದುರಿಗೆ ಅಂಬೆಗಾಲಿಡುವ ಕೂಸು ಇದ್ದರೆ? ಬ್ಯಾಟರಿಯ ತಂತಿಗಳ ಸಿಪ್ಪೆ ಸವೆದು ಒಂದಕ್ಕೊಂದು ತಾಗಿದರೆ ಬೆಂಕಿಯೇ ಹೊತ್ತೀತು. ಎರಡು ಸೆಲ್ಲಿನ ಲಿಪೋ ಬ್ಯಾಟರಿ 7.4 ವೋಲ್ಟಿನದು, ಕೈಗೆ ಶಾಕ್ ಹೊಡೆಯುವುದಿಲ್ಲ. ಆದರೆ ಅದರ ಬೆಂಕಿ ಚಿಕ್ಕದಲ್ಲ. ಉಬ್ಬಿದ ಬ್ಯಾಟರಿಯನ್ನು ಬಳಸಬೇಡಿ. ಚಾರ್ಜ್ ಆಗುವಾಗ ಹಿರಿಯರೊಬ್ಬರು ಹತ್ತಿರದಲ್ಲಿರಲಿ.

ಕೊನೆಗೆ ಪರೀಕ್ಷೆ. ಬ್ಯಾಟರಿ ಬಿಚ್ಚಿ, ಟ್ರಕ್ಕನ್ನು ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿ. ಗಡಗಡ ಸದ್ದು ಬರಬಾರದು. ಚಕ್ರವನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ. ಯಾವ ತಂತಿಯೂ ಬಿಗಿಯಬಾರದು. ಓಡಿಸುವಾಗ ರಿಮೋಟ್ ಮೊದಲು ಆನ್, ಟ್ರಕ್ ಆಮೇಲೆ. ಆಟ ಮುಗಿದಾಗ ಟ್ರಕ್ ಮೊದಲು ಆಫ್, ರಿಮೋಟ್ ಆಮೇಲೆ.

ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದೆ ನಾವು ಮನೆಗೆ ಹೊರಡುತ್ತಿರಲಿಲ್ಲ. ಅಜ್ಜಂದಿರೇ, ಈ ಭಾನುವಾರ ಕನ್ನಡಕ ಏರಿಸಿಕೊಂಡು ಮೊಮ್ಮಕ್ಕಳ ಜೊತೆ ಕುಳಿತುಬಿಡಿ. ಅವರ ಕಣ್ಣು ಚುರುಕು, ನಿಮ್ಮ ತಾಳ್ಮೆ ದೊಡ್ಡದು. ಎರಡೂ ಸೇರಿದರೆ ಟ್ರಕ್ಕಿನ ಲೆಕ್ಕವೂ ತಾಳೆಯಾಗುತ್ತದೆ.