ಮಡದಿಗೊಂದು ಹಳೆಯ ಕಸುವಿನ ಕಾರು

ಮಡದಿಗೆಂದು ಇಳಕಲ್ಲ ಸೀರೆಯನ್ನು ತಂದ ಗಂಡನು ದಡಿಯ ಬಣ್ಣದಲ್ಲಿ ಎಡವಿದರೆ ಅಂಥ ಅನರ್ಥವೇನೂ ಆಗುವುದಿಲ್ಲ. ಸೀರೆಯು ಟ್ರಂಕಿನ ತಳವನ್ನು ಸೇರುತ್ತದೆ. ಮುಂದಿನ ಮದುವೆಯಲ್ಲಿ ನಾದಿನಿಯ ಮೈಮೇಲೆ ಕಾಣಿಸಿಕೊಳ್ಳುತ್ತದೆ. ಮೋಟಾರು ಕಾರಿನ ಮಾತು ಹಾಗಲ್ಲ. ಅದರಲ್ಲಿಯೂ ಮತ್ತೊಬ್ಬರು ಇಪ್ಪತ್ತು ಮೂವತ್ತು ವರ್ಷ ಓಡಿಸಿ ಬಿಟ್ಟ ಕಾರನ್ನು ಹೆಂಡತಿಗೆ ಉಡುಗೊರೆಯಾಗಿ ಕೊಡಹೊರಟವನು ಅದನ್ನು ಅಡಗಿಸಿಡಲು ಟ್ರಂಕನ್ನು ಎಲ್ಲಿಂದ ತಂದಾನು? ಅದು ಅಂಗಳದಲ್ಲಿಯೇ ನಿಂತು ಅವನ ವಿವೇಕವನ್ನು ಊರಿಗೆಲ್ಲ ಸಾರುತ್ತಿರುತ್ತದೆ.

ಆದರೂ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಸ್ವಂತ ಕಾರು ಬರಿಯ ಷೋಕಿಯ ವಸ್ತುವೆಂದು ಹೇಳುವಂತಿಲ್ಲ. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲಿಲ್ಲ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ಎರಡು ನಿಲ್ದಾಣಗಳು ಸೊಲ್ಲಾಪುರ-ಗದಗ ಮಾರ್ಗದಲ್ಲಿ ಉಂಟು, ನಿಜ. ಆದರೆ ಆ ‘ರೋಡ್’ ಎಂಬ ಬಾಲವೇ ಹೇಳುವಂತೆ ಅಲ್ಲಿ ಇಳಿದವನು ಊರಿಗೆ ಇನ್ನೂ ದಾರಿ ಸವೆಸಬೇಕು. ಒಂದು ತಾಲ್ಲೂಕಿನಲ್ಲಿ ಮನೆ, ಮತ್ತೊಂದರಲ್ಲಿ ನೌಕರಿ ಎಂಬ ಗೃಹಿಣಿಯರು ಈಗ ಈ ಭಾಗದಲ್ಲಿ ಅಪರೂಪವಲ್ಲ. ಅವರಲ್ಲಿ ಅನೇಕರು ತಾವೇ ಚಕ್ರ ಹಿಡಿದು ಹೋಗಿ ಬರುತ್ತಾರೆ. ಅಂಥವಳಿಗೆ ಗಂಡನು ಕಾರನ್ನು ಕೊಡಬಯಸಿದರೆ ಅದರಲ್ಲಿ ಆಕ್ಷೇಪಿಸತಕ್ಕದ್ದೇನಿದೆ? ಆಕ್ಷೇಪ ಹುಟ್ಟುವುದು ಆ ಬಯಕೆಗೆ ‘ಹಳೆಯ’, ‘ಕಸುವಿನ’, ‘ಟರ್ಬೊ ಇರುವ’ ಎಂಬ ಮೂರು ವಿಶೇಷಣಗಳು ಸೇರಿಕೊಂಡಾಗ.

ಕಸುವಿನ ಕಾರೆಂಬುದು ಅಮೆರಿಕದ ಕೂಸು. 1964ರಲ್ಲಿ ಪಾಂಟಿಯಾಕ್ ಕಂಪನಿಯವರು ಮಧ್ಯಮ ಗಾತ್ರದ ಮೈಗೆ ದೊಡ್ಡ ಕಾರಿನ ಎಂಜಿನನ್ನು ತುರುಕಿ ಜಿ.ಟಿ.ಓ. ಎಂಬುದನ್ನು ಬೀದಿಗೆ ಬಿಟ್ಟರು. ಆ ಬಗೆಯ ಕಾರುಗಳಿಗೆ ‘ಮಸಲ್ ಕಾರು’ ಎಂಬ ಹೆಸರು ನಿಂತಿತು. ನಮ್ಮ ದೇಶದಲ್ಲಿ ಆ ಬಿರುದನ್ನು ಪ್ರೀತಿಯಿಂದ ಹೊತ್ತುಕೊಂಡಿರುವುದು ಕಾಂಟೆಸ್ಸಾ. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಇಂಗ್ಲೆಂಡಿನ ವಾಕ್ಸಾಲ್ ವಿ.ಎಕ್ಸ್. ಕಾರಿನ ಅಚ್ಚನ್ನು ಅನುಸರಿಸಿ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಿಸಿ 1984ರಲ್ಲಿ ಇದನ್ನು ಹೊರತಂದಿತು. ಉದ್ದನೆಯ ಮೂತಿ, ಅಗಲವಾದ ಮೈ, ಹಿಂದಿನ ಗಾಲಿಗಳಿಂದ ನೂಕುವ ಓಟ. ನೋಟದಲ್ಲಿ ಪೈಲವಾನ, ಎದೆಯಲ್ಲಿ ಮಾತ್ರ ಅಂಬಾಸಡರ್ ಕಾರಿನ 1,489 ಸಿ.ಸಿ.ಯ, ಸುಮಾರು 50 ಅಶ್ವಶಕ್ತಿಯ ಎಂಜಿನು. ಖಿಲಾರಿ ಹೋರಿಯ ಮೈಯಲ್ಲಿ ಆಡಿನ ಉಸಿರು! ಮುಂದೆ ಜಪಾನಿನ ಇಸುಜು ಕಂಪನಿಯ 1,817 ಸಿ.ಸಿ. ಪೆಟ್ರೋಲ್ ಎಂಜಿನನ್ನೂ ಐದು ಗೇರುಗಳನ್ನೂ ಕೂಡಿಸಿ ‘ಕಾಂಟೆಸ್ಸಾ ಕ್ಲಾಸಿಕ್’ ಎಂದು ಕರೆದ ಮೇಲೆಯೇ ಮೈಗೆ ತಕ್ಕ ಉಸಿರು ಬಂದದ್ದು. ಅದೇ ಇಸುಜುವಿನ ಎರಡು ಲೀಟರಿನ ಡೀಸೆಲ್ ಎಂಜಿನು, ಆಮೇಲೆ ಅದಕ್ಕೆ ಟರ್ಬೊ ಜೋಡಿಸಿದ ಮಾದರಿ ಬಂದವು. 2002ರಲ್ಲಿ ಕಾಂಟೆಸ್ಸಾದ ತಯಾರಿಕೆ ನಿಂತಿತು. ಆದುದರಿಂದ ಇಂದು ಮಾರಾಟಕ್ಕೆ ಸಿಕ್ಕುವ ಅತಿ ಕಿರಿಯ ಕಾಂಟೆಸ್ಸಾದ ವಯಸ್ಸೂ ಇಪ್ಪತ್ತನ್ನು ದಾಟಿದೆ.

ಟರ್ಬೊ ಎಂದರೇನೆಂಬುದನ್ನು ಕೊಳ್ಳುವವನು ಅರಿತಿರುವುದು ಒಳ್ಳೆಯದು. ಮಾರುವವನಂತೂ ಅದನ್ನು ಮಂತ್ರದಂತೆ ಉಚ್ಚರಿಸುತ್ತಿರುತ್ತಾನೆ. ಎಂಜಿನಿನಿಂದ ಹೊಗೆಯಾಗಿ ಹೊರಬೀಳುವ ಬಿಸಿಗಾಳಿಯಲ್ಲಿ ಇನ್ನೂ ಬಲ ಉಳಿದಿರುತ್ತದೆ. ಆ ಗಾಳಿಯು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರವು ಹೊರಗಿನ ಶುದ್ಧವಾಯುವನ್ನು ಒತ್ತಿ ಎಂಜಿನಿನೊಳಕ್ಕೆ ತಳ್ಳುತ್ತದೆ. ಒಲೆಗೆ ಊದುಕೊಳವಿ ಹಿಡಿದಂತೆ. ಹೆಚ್ಚು ಗಾಳಿ, ಹೆಚ್ಚು ಉರಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಷಿ ಎಂಬ ಎಂಜಿನಿಯರನು 1905ರಲ್ಲಿಯೇ ಇದಕ್ಕೆ ಹಕ್ಕುಪತ್ರ ಪಡೆದನು. ಆ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲದು, ಮತ್ತು ಅದು ತಿರುಗುವುದು ಎಣ್ಣೆಯ ತೆಳುವಾದ ಪದರದ ಮೇಲೆ. ಎಣ್ಣೆ ಕೊಳೆಯಾದರೆ ಅಥವಾ ಒಣಗಿದರೆ ಟರ್ಬೊದ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಈ ಸೀಮೆಯ ಬೇಸಗೆಯಲ್ಲಿ ಎರೆಯ ಭೂಮಿಯ ಧೂಳು ಗಾಳಿಶೋಧಕದಲ್ಲಿ ಹೇಗೆ ಕೂಡುತ್ತದೆಂಬುದನ್ನು ಟ್ರಾಕ್ಟರಿನ ಒಡೆಯರನ್ನು ಕೇಳಿದರೆ ಸಾಕು. ದೂರದಿಂದ ಬಿರುಬಿಸಿಲಲ್ಲಿ ಓಡಿಬಂದ ಟರ್ಬೊ ಕಾರನ್ನು ಒಮ್ಮೆಲೇ ಆರಿಸಬಾರದು. ಒಂದೆರಡು ನಿಮಿಷ ಸಾವಕಾಶವಾಗಿ ಉಸಿರಾಡಲು ಬಿಡಬೇಕು. ಓಡಿ ದಣಿದ ಎತ್ತಿಗೆ ತಟ್ಟನೆ ತಣ್ಣೀರು ತೋರಿಸದ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಟರ್ಬೊ ಕಾರು ಹೊರಬಂದಿತು. ಅದರ ಎಂಜಿನು ಕಾದು ಬಡಿದುಕೊಳ್ಳದಂತೆ ನೀರು ಮತ್ತು ಮದ್ಯಸಾರದ ಒಂದು ದ್ರವವನ್ನು ಪ್ರತ್ಯೇಕ ಪಾತ್ರೆಯಲ್ಲಿ ತುಂಬಿಸುತ್ತಿರಬೇಕಾಗಿತ್ತು. ಕೊಂಡವರಲ್ಲಿ ಹಲವರು ಅದನ್ನು ತುಂಬಿಸುವುದನ್ನೇ ಮರೆತರು. ಕೊನೆಗೆ ಎಷ್ಟೋ ಜನ ಟರ್ಬೊವನ್ನೇ ಕಳಚಿಸಿ ಸಾಧಾರಣ ಕಾರನ್ನಾಗಿ ಮಾಡಿಸಿಕೊಂಡರು.

ಇನ್ನು ಪರೀಕ್ಷೆಯ ವಿಚಾರ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರನ ಜಾತ್ರೆಗೆ ಎತ್ತು ಕೊಳ್ಳಲು ಹೋಗುವ ರೈತನ ಜಾಣ್ಮೆಯಲ್ಲಿ ಕಾಲುಭಾಗವನ್ನು ಕಾರು ಕೊಳ್ಳುವವನು ಎರವು ಪಡೆದರೆ ಅರ್ಧ ಮೋಸ ತಪ್ಪುತ್ತದೆ. ರೈತನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ: ಎರಡು ಹಲ್ಲೇ, ನಾಲ್ಕು ಹಲ್ಲೇ, ಬಾಯಿಗೂಡಿದ್ದೇ? ಕೊಂಬಿಗೆ ಹಚ್ಚಿದ ಬಣ್ಣಕ್ಕೂ ಕಟ್ಟಿದ ಗೊಂಡೆಗೂ ಅವನು ಮರುಳಾಗನು. ನಡೆಸಿ ನೋಡುತ್ತಾನೆ, ಹೇರು ಹೊರಿಸಿ ಎಳೆಸುತ್ತಾನೆ, ಸುಳಿ ಎಣಿಸುತ್ತಾನೆ. ಕಾರಿಗೂ ಹಲ್ಲುಂಟು, ಅದು ನೋಂದಣಿ ಪುಸ್ತಕದಲ್ಲಿರುವ ತಯಾರಿಕೆಯ ತಿಂಗಳು, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ. ಈ ಸಂಖ್ಯೆಗಳು ಲೋಹದ ಮೇಲೆ ಕೊರೆದವುಗಳೊಡನೆ ಒಂದಕ್ಷರವೂ ತಪ್ಪದೆ ಹೊಂದಬೇಕು. ಸಾದಾ ಎಂಜಿನಿಗೆ ಎಲ್ಲಿಂದಲೋ ತಂದ ಟರ್ಬೊವನ್ನು ಅಂಟಿಸಿ ಕಸುವು ತೋರಿಸುವ ಕಾರುಗಳೂ ಇರುತ್ತವೆ. ತಯಾರಕರು ನಮೂದಿಸಿದ ರೂಪವನ್ನು ಅಪ್ಪಣೆಯಿಲ್ಲದೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿಷೇಧಿಸುತ್ತದೆ.

ಎಂಜಿನು ತಣ್ಣಗಿರುವಾಗಲೇ ಹೋಗಿ ನೋಡಬೇಕು. ಗಿರಾಕಿ ಬರುವ ಮುನ್ನವೇ ಕಾಯಿಸಿ ಇಟ್ಟವನು ಏನನ್ನೋ ಮುಚ್ಚುತ್ತಿರುವನೆಂದು ಶಂಕಿಸಲಡ್ಡಿಯಿಲ್ಲ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಗಾಳಿಯ ಕೊಳವೆಯನ್ನು ಬಿಚ್ಚಿಸಿ ಟರ್ಬೊದ ಅಚ್ಚನ್ನು ಬೆರಳಿನಿಂದ ಅಲುಗಿಸಿ ನೋಡಬೇಕು. ಚಕ್ರದ ಅಲಗು ಸುತ್ತಿನ ಗೋಡೆಗೆ ತಗಲುವಷ್ಟು ಅಲುಗಿದರೆ ಅದನ್ನು ಬಿಚ್ಚಿ ಕಟ್ಟಿಸುವ ಖರ್ಚು ಕೊಳ್ಳುವವನ ತಲೆಗೆ. ಈ ಖರ್ಚಿಗೆ ಅಂಜಬೇಕಾಗಿಲ್ಲ. ಲಾರಿಗಳ ಟರ್ಬೊ ರಿಪೇರಿ ಮಾಡುವವರು ದೊಡ್ಡ ಊರುಗಳಲ್ಲಿ ಸಿಗುತ್ತಾರೆ. ಅಂಜಬೇಕಾದುದು ಮುಂಗಾಜಿಗೆ, ಹಿಂದೀಪಕ್ಕೆ, ಬಾಗಿಲಿನ ರಬ್ಬರಿಗೆ. ತಯಾರಿಕೆ ನಿಂತುಹೋದ ಕಾರಿನಲ್ಲಿ ಎಂಜಿನನ್ನು ಹೇಗೋ ಉಳಿಸಿಕೊಳ್ಳಬಹುದು, ಒಡೆದ ಒಂದು ಗಾಜಿಗಾಗಿ ತಿಂಗಳುಗಟ್ಟಲೆ ಊರೂರು ಅಲೆಯಬೇಕಾದೀತು.

ಎತ್ತಿನ ವ್ಯಾಪಾರದಲ್ಲಿ ದಲ್ಲಾಳಿಯು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವ ರೂಢಿಯುಂಟು. ಉಡುಗೊರೆಯ ಕಾರನ್ನೂ ಗಂಡಂದಿರು ಹೀಗೆಯೇ ಮರೆಯಲ್ಲಿ ಕೊಳ್ಳಬಯಸುತ್ತಾರೆ. ಹೆಂಡತಿಯನ್ನು ಚಕಿತಗೊಳಿಸುವುದೇ ಪ್ರೇಮದ ಪರಾಕಾಷ್ಠೆಯೆಂದು ಅವರ ಭಾವನೆ. ಇಂಡಿಯ ಕಡೆಯ ಒಬ್ಬ ಲಿಂಬೆ ಬೆಳೆಗಾರನನ್ನು ಊಹಿಸಿಕೊಳ್ಳಬಹುದು. ಅವನ ಮಡದಿ ಸಿಂದಗಿ ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕಿ. ಹುಡುಗಿಯಾಗಿದ್ದಾಗ ಊರಿಗೆ ಬಂದ ದೊಡ್ಡವರೊಬ್ಬರ ಕಾಂಟೆಸ್ಸಾವನ್ನು ಕಂಡು, ‘ಕಾರಂದ್ರ ಇದು’ ಎಂದು ಮೆಚ್ಚಿದವಳು. ಆ ಮಾತನ್ನು ನೆನಪಿನಲ್ಲಿಟ್ಟ ಗಂಡನು ಸೊಲ್ಲಾಪುರದಲ್ಲಿ ಒಂದನ್ನು ಹುಡುಕಿ, ಹಣ ತೆತ್ತು, ನಾಲ್ಕು ಗಾಲಿಗಳ ಕೆಳಗೆ ತನ್ನ ತೋಟದ್ದೇ ನಾಲ್ಕು ಲಿಂಬೆಹಣ್ಣುಗಳನ್ನು ಇರಿಸಿ, ಅವಳನ್ನು ಅಂಗಳಕ್ಕೆ ಕರೆಯುತ್ತಾನೆ.

“ಹ್ಯಾಂಗೈತಿ?”

“ಚಂದ ಐತ್ರಿ. ಆದ್ರ ಕ್ಲಚ್ಚಿಗಿ ನನ್ನ ಕಾಲು ನಿಲುಕವಲ್ದು.”

“ಸೀಟು ಮುಂದ ಸರಸೂಣು ಬಿಡು.”

“ಸರಸ್ರಿ. ಗಾಡಿ ಯಾರ ಹೆಸರಿಲೆ ಐತಿ?”

“ಸದ್ಯೇಕ ಸೊಲ್ಲಾಪುರದವರ ಹೆಸರಿಲೇ ಐತಿ. ಆಮ್ಯಾಗ ನನ್ನ ಹೆಸರಿಗಿ ಮಾಡಸ್ತೀನಿ.”

“ಹಂಗಾದ್ರ ಇದು ನನ್ನ ಗಾಡಿ ಹ್ಯಾಂಗಾತ್ರಿ?”

ಈ ಪ್ರಶ್ನೆಯನ್ನು ಹೆಂಗಸಿನ ಕೊಂಕೆಂದು ತಳ್ಳಿಹಾಕುವುದು ಸುಲಭ. ಕಾಯಿದೆಯ ಕಣ್ಣಿನಲ್ಲಿ ಮಾತ್ರ ಅದೊಂದೇ ಪ್ರಶ್ನೆ. ಕಾರಿನ ವಿಮೆಯೊಡನೆ ‘ಒಡೆಯ-ಚಾಲಕ’ರಿಗೆ 15 ಲಕ್ಷ ರೂಪಾಯಿಗಳ ಅಪಘಾತ ರಕ್ಷೆಯೊಂದುಂಟು. ಅದು ಸಲ್ಲುವುದು ನೋಂದಣಿ ಪುಸ್ತಕದಲ್ಲಿಯೂ ವಿಮೆಯಲ್ಲಿಯೂ ಹೆಸರಿರುವ, ಊರ್ಜಿತ ಲೈಸೆನ್ಸ್ ಇರುವ ಒಡೆಯನಿಗೆ. ದಿನವೂ ಇಂಡಿಯಿಂದ ಸಿಂದಗಿಯ ಕಡೆಗೆ ಕಾರು ನಡೆಸುವವಳು ಮಡದಿ, ಪುಸ್ತಕದಲ್ಲಿರುವ ಹೆಸರು ಗಂಡನದು ಎಂದಾದರೆ, ದಾರಿಯಲ್ಲಿ ಆಗಬಾರದ್ದು ಆದ ದಿನ ಆ ರಕ್ಷೆ ಅವಳಿಗಿಲ್ಲ. ‘ಅವಳಿಗಾಗಿಯೇ ಕೊಂಡದ್ದು’ ಎಂಬ ಗಂಡನ ಮಾತು ವಿಮಾ ಕಚೇರಿಯಲ್ಲಿ ನಡೆಯುವ ನಾಣ್ಯವಲ್ಲ.

ಹೆಸರು ಹಿಂದಿನವನಲ್ಲಿಯೇ ಉಳಿದರೆ ತೊಡಕು ಇನ್ನೂ ದೊಡ್ಡದು. 2007ರಲ್ಲಿ ಮಾರಲ್ಪಟ್ಟು, ಕಾಗದದಲ್ಲಿ ಮಾತ್ರ ಮೊದಲಿನವನ ಹೆಸರನ್ನೇ ಹೊತ್ತು, ಕೈಯಿಂದ ಕೈಗೆ ದಾಟಿದ ಕಾರೊಂದು 2009ರಲ್ಲಿ ಅಪಘಾತ ಮಾಡಿತು. 2018ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪರಿಹಾರಕ್ಕೆ ಬಾಧ್ಯನು ನೋಂದಣಿಯಲ್ಲಿ ಹೆಸರಿರುವವನೇ ಎಂದು ತೀರ್ಪಿತ್ತಿತು. ಆದುದರಿಂದ ಬುದ್ಧಿಯುಳ್ಳ ಮಾರಾಟಗಾರನೂ ಹೆಸರು ಬದಲಾಗುವುದನ್ನು ಕೊಳ್ಳುವವನಷ್ಟೇ ಆತುರದಿಂದ ಬಯಸಬೇಕು. ಬಯಸದವನನ್ನು ಕಂಡರೆ ದೂರವಿರುವುದು ಲೇಸು.

ಹೆಸರಿನ ಈ ಜಗಳ ಮೋಟಾರು ಕಾರಿನಷ್ಟೇ ಹಳೆಯದು. ಜರ್ಮನಿಯ ಕಾರ್ಲ್ ಬೆಂಜನ ಕಾರ್ಖಾನೆ ಕುಸಿಯುವ ಸ್ಥಿತಿಯಲ್ಲಿದ್ದಾಗ ಅದನ್ನು ಎತ್ತಿ ನಿಲ್ಲಿಸಿದುದು ಅವನ ಕೈಹಿಡಿಯಲಿದ್ದ ಬರ್ಟಾಳ ತವರಿನ ಹಣ. 1886ರಲ್ಲಿ ಕಾರಿನ ಹಕ್ಕುಪತ್ರ ಬಂದುದು ಗಂಡನ ಹೆಸರಿಗೆ. 1888ರ ಆಗಸ್ಟಿನಲ್ಲಿ ಬರ್ಟಾ ಗಂಡನಿಗೆ ತಿಳಿಸದೆಯೇ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ತವರೂರಾದ ಫೋರ್ಟ್ಸ್‌ಹೈಮಿಗೆ ಕಾರು ನಡೆಸಿದಳು. ಹೆಚ್ಚುಕಡಿಮೆ ವಿಜಯಪುರದಿಂದ ಸೊಲ್ಲಾಪುರಕ್ಕಿರುವಷ್ಟು ದೂರ. ಇಂಧನದ ಕೊಳವೆ ಕಟ್ಟಿದಾಗ ಟೋಪಿಯ ಸೂಜಿಯಿಂದ ಬಿಡಿಸಿದಳಂತೆ; ಇಂಧನ ತೀರಿದಾಗ ಔಷಧದ ಅಂಗಡಿಯಲ್ಲಿ ಕೊಂಡಳು. ಲೋಕದ ಮೊದಲ ದೂರಪ್ರಯಾಣದ ಮೋಟಾರು ಸಾರಥಿ ಒಬ್ಬ ಗೃಹಿಣಿ ಎಂಬುದನ್ನು, ‘ಹೆಂಗಸರಿಗೆ ಹಳೇ ಗಾಡಿ ಸಾಗದು’ ಎನ್ನುವ ಮಹಾಶಯರು ಗಮನಿಸಬೇಕು. ಯಾವ ಗಾಡಿ ಸಾಗುತ್ತದೆ ಎಂಬುದನ್ನು ಹೇಳಬೇಕಾದವಳು ಮಾತ್ರ ಅವಳು. ಹಳೆಯ ಕಾರಿನ ಸ್ಟಿಯರಿಂಗು ಎಷ್ಟು ಭಾರ, ಬ್ರೇಕು ಎಷ್ಟು ಗಟ್ಟಿ, ಮೂತಿಯ ಉದ್ದಕ್ಕೆ ಕಣ್ಣು ಒಗ್ಗುತ್ತದೆಯೇ ಎಂಬುದು ಒಂದು ಗಂಟೆ ತಾನೇ ಓಡಿಸಿದಾಗ ತಿಳಿಯುತ್ತದೆ. ಗಂಡನು ಪಕ್ಕದಲ್ಲಿ ಕುಳಿತು, ಸಾಧ್ಯವಾದರೆ ಬಾಯಿ ಮುಚ್ಚಿಕೊಂಡಿರಬೇಕು.

ಕಾಗದಪತ್ರಗಳ ವಿಷಯ ರುಚಿಯಿಲ್ಲದ್ದು, ಆದರೆ ಬಿಡುವಂತಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿಗಳಿದ್ದ ಈ ನವೀಕರಣದ ಶುಲ್ಕವು 2022ರ ಏಪ್ರಿಲಿನಿಂದ 5,000ಕ್ಕೂ, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000ಕ್ಕೂ ಏರಿತು. ಕಾಂಟೆಸ್ಸಾಗಳೆಲ್ಲವೂ ಈ ಕೊನೆಯ ಗುಂಪಿಗೇ ಸೇರಿದವು. ಪುರಾತನ ವಾಹನವೆಂಬ ಮರ್ಯಾದೆಯೂ ಅವಕ್ಕೆ ಇನ್ನೂ ದೊರೆತಿಲ್ಲ. 2021ರ ನಿಯಮದಂತೆ ಅದಕ್ಕೆ 50 ವರ್ಷ ತುಂಬಬೇಕು, ಅಂದರೆ ಮೊಟ್ಟಮೊದಲ ಕಾಂಟೆಸ್ಸಾಕ್ಕೂ 2034ರವರೆಗೆ ತಾಳ್ಮೆ ಬೇಕು.

ಭೀಮೆಯ ಆಚೆ ಸೊಲ್ಲಾಪುರದಲ್ಲಿ ಕೊಂಡ ಕಾರಾದರೆ ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣ ಪತ್ರ ಬೇಕು. ಅದಕ್ಕೆ 28ನೆಯ ನಮೂನೆ. ಹೆಸರಿನ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು, ಕೊಂಡವರು 30 ದಿನಗಳೊಳಗೆ ತಿಳಿಸಬೇಕು. ವಿಮೆಯ ಹೆಸರು ಬದಲಿಸಲು 14 ದಿನ. ಕರ್ನಾಟಕದ ತೆರಿಗೆ ಕಟ್ಟಿ, ಎಂ.ಎಚ್. 13 ಎಂಬ ಫಲಕವನ್ನು ಕಳಚಿ ವಿಜಯಪುರದ ಕೆ.ಎ. 28ನ್ನು ಪಡೆಯಬೇಕು. ಈ ಎಲ್ಲ ನಮೂನೆಗಳಲ್ಲಿ ಕೊಂಡವರ ಹೆಸರೆಂಬ ಒಂದು ಖಾಲಿ ಗೆರೆ ಇರುತ್ತದೆ. ಅಲ್ಲಿ ಮಡದಿಯ ಹೆಸರನ್ನು ಮೊದಲ ಸಲವೇ ಬರೆದರೆ ಮುಂದೆ ಇನ್ನೊಂದು ಬಾರಿ ಶುಲ್ಕ ತೆತ್ತು ಅಲೆಯುವುದು ತಪ್ಪುತ್ತದೆ. ಸೊಲ್ಲಾಪುರದ ನಿರಾಕ್ಷೇಪಣ ಪತ್ರ ಕೈಗೆ ಬರುವವರೆಗೆ ಕಾರು ಮಾರುವವನ ಅಂಗಳದಲ್ಲಿಯೇ ಇರಲಿ, ಮುಂಗಡದ ಹೊರತು ಉಳಿದ ಹಣ ಕೊಳ್ಳುವವರ ಬ್ಯಾಂಕಿನಲ್ಲಿಯೇ ಇರಲಿ.